ಡಾರ್ವಿನ್ ಹೇಳಿದ್ದು ಯಾವುದು, ಅವನ ಹೆಸರಲ್ಲಿ ಹೇಳಿದ್ದು ಯಾವುದು?

ಪ್ರಶ್ನೆ: ನಾನು ಮುಲುಂಡಿನಲ್ಲಿರುವ ಗೃಹಿಣಿ. ಮಗ ಹತ್ತನೇ ಕ್ಲಾಸು. ಹೋದ ತಿಂಗಳು ಮಾಟುಂಗಾದ ಒಂದು ಹಾಲ್‌ನಲ್ಲಿ ನಮ್ಮ ಭಾವನವರ ಮಗನಿಗೂ ನಾದಿನಿಯ ಮಗಳಿಗೂ ನಿಶ್ಚಿತಾರ್ಥ ಆಯಿತು. ಊಟಕ್ಕೆ ಕೂತಾಗ ಭಾವನವರು, "ನಮ್ಮನಮ್ಮೊಳಗೇ ಮದುವೆ ಮಾಡಿದರೆ ರಕ್ತ ಶುದ್ಧವಾಗಿ ಉಳಿಯುತ್ತೆ, ಇದು ಸೈನ್ಸ್. ಬಲ ಇದ್ದವನು ಬದುಕ್ತಾನೆ, ಇಲ್ಲದವನು ಹೋಗ್ತಾನೆ ಅಂತ ಡಾರ್ವಿನ್ನೇ ಹೇಳಿದ್ದಾನೆ. ಪುಕ್ಕಟೆ ರೇಷನ್ನು, ರಿಸರ್ವೇಶನ್ನು ಎಲ್ಲಾ ಪ್ರಕೃತಿಗೆ ವಿರುದ್ಧ" ಅಂದರು. ಮಗ, "ನಮ್ಮ ಪಾಠದಲ್ಲಿ ಹಾಗಿಲ್ಲ ದೊಡ್ಡಪ್ಪ" ಅಂದ. "ಹಾಗಾದ್ರೆ ಮಂಗನಿಂದ ಮನುಷ್ಯ ಆದ ಮೇಲೂ ಮಂಗಗಳು ಯಾಕಿವೆ, ಹೇಳು ನೋಡೋಣ" ಅಂದಾಗ ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅವನು ಅರ್ಧ ಊಟಕ್ಕೇ ಎದ್ದುಬಿಟ್ಟ. ಡಾರ್ವಿನ್ ನಿಜವಾಗಿ ಏನು ಹೇಳಿದ? ಈ ಮಾತುಗಳೆಲ್ಲ ಎಲ್ಲಿಂದ ಬಂದವು? ಮಗನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಈ ಉತ್ತರ ಪೂರ್ತಿ ಓದುವ ಮೊದಲೇ ಇದನ್ನು ಅವನಿಗೆ ಹೇಳಿಬಿಡಿ. ಅರ್ಧ ಊಟಕ್ಕೆ ಎದ್ದ ಹುಡುಗನನ್ನು ಕಾಯಿಸಬಾರದು.

ಮಂಗನ ಪ್ರಶ್ನೆಯನ್ನು ಬೇಗ ಮುಗಿಸೋಣ. ಮುಂಬೈಯ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ್ದೇನೆ. ಇದನ್ನು ಕೇಳದ ಒಂದು ಬ್ಯಾಚೂ ಇರಲಿಲ್ಲ. ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ನಿಮ್ಮ ಮಾವನವರ ಅಜ್ಜನ ಕಾಲದಲ್ಲಿ ಊರಿನ ಮನೆಯಿಂದ ಒಬ್ಬರು ಮುಂಬೈಗೆ ಬಂದರು, ಇನ್ನೊಬ್ಬರು ಗದ್ದೆ ನೋಡಿಕೊಂಡು ಅಲ್ಲೇ ಉಳಿದರು ಅಂದುಕೊಳ್ಳಿ. ಇವತ್ತು ಎರಡೂ ಕವಲಿನ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಮುಂಬೈಯವರು ಇದ್ದಾರೆ ಅಂದಮೇಲೆ ಊರಿನವರು ಇನ್ನೂ ಯಾಕಿದ್ದಾರೆ ಅಂತ ಯಾರಾದರೂ ಕೇಳುತ್ತಾರಾ? ನಮಗೂ ಚಿಂಪಾಂಜಿಗೂ ಸೇರಿದ ಹಿರಿಯರು ಇದ್ದದ್ದು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ. ನಮ್ಮ ಊರಿನ ತೋಟಕ್ಕೆ ನುಗ್ಗುವ ಮಂಗಗಳ ಕವಲು ಅದಕ್ಕಿಂತ ಎಷ್ಟೋ ಮೊದಲೇ ಬೇರೆ ಆಗಿತ್ತು. ಮಂಗ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಸಾಲಿನಲ್ಲಿ ನಡೆಯುತ್ತಾ ಮನುಷ್ಯ ಆಗುವ ಚಿತ್ರ ಇದೆಯಲ್ಲ, ಅದು 1965ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಚಿತ್ರದ ನಕಲು. ಡಾರ್ವಿನ್ ಅದನ್ನು ಬರೆಯಲಿಲ್ಲ. ಅವನು ಬರೆದದ್ದು ಕೊಂಬೆ ಒಡೆಯುವ ಮರದ ಚಿತ್ರ. ಮರದಲ್ಲಿ ಯಾವ ಕೊಂಬೆಯೂ ಇನ್ನೊಂದು ಕೊಂಬೆಗಿಂತ ಮುಂದೆ ಹೋಗಿರುವುದಿಲ್ಲ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಮರಾಠಿಯಲ್ಲಿ 'ಉತ್ಕ್ರಾಂತಿ' ಅನ್ನುತ್ತಾರೆ, ನಾವು 'ವಿಕಾಸ' ಅನ್ನುತ್ತೇವೆ. ವಿಕಾಸ ಅಂದ ಕೂಡಲೇ ಅರಳುವುದು, ಮುಂದೆ ಬರುವುದು ನೆನಪಾಗುತ್ತದೆ. ಡಾರ್ವಿನ್‌ನ ವಿಚಾರದಲ್ಲಿ ಮೇಲೆ ಹತ್ತುವುದು ಇಲ್ಲ. ಬದಲಾಗುವುದು ಇದೆ, ಅಷ್ಟೇ.

ಅವನು ಏನು ಹೇಳಿದ ಅನ್ನುವುದಕ್ಕೆ ಪಾರಿವಾಳದಿಂದ ಶುರು ಮಾಡುತ್ತೇನೆ. ಅವನೂ ತನ್ನ ಪುಸ್ತಕವನ್ನು ಸಾಕುಪ್ರಾಣಿಗಳಿಂದಲೇ ಶುರು ಮಾಡಿದ್ದ, ಅದರಲ್ಲಿ ಪಾರಿವಾಳಕ್ಕೆ ದೊಡ್ಡ ಜಾಗ. ಅದರ ಜೊತೆ ಕನ್ನಡದವರು ಗೊತ್ತು ಮಾಡಿಕೊಳ್ಳಬೇಕಾದ ಒಂದು ಕಥೆಯೂ ಇದೆ. 1824ರಲ್ಲಿ ಕಿತ್ತೂರಿನ ಮೇಲೆ ಬಂದ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮನ ಕಡೆಯವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆ ಹಿಡಿದರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಬಿಡುಗಡೆ ಆದ ಮೇಲೆ ಇವನು ಧಾರವಾಡದ ಕಡೆ ಎಷ್ಟೋ ವರ್ಷ ಇದ್ದ, ಕನ್ನಡ ಕಲಿತ, ಶಾಸನಗಳನ್ನು ನಕಲು ಮಾಡಿಸಿದ, ಇಲ್ಲಿನ ಪ್ರಾಣಿಗಳ ಪಟ್ಟಿಯನ್ನು ಕನ್ನಡ ಹೆಸರುಗಳ ಸಮೇತ ಅಚ್ಚು ಹಾಕಿಸಿದ. 1856ರಲ್ಲಿ ಡಾರ್ವಿನ್ ಇದೇ ಎಲಿಯಟ್‌ಗೆ ಕಾಗದ ಬರೆದು, ನಿಮ್ಮ ಕಡೆಯ ಸಾಕು ಪಾರಿವಾಳ, ಕೋಳಿಗಳ ಚರ್ಮ ಕಳಿಸಿ ಅಂತ ಕೇಳಿಕೊಂಡ. ಎಲಿಯಟ್ ಕಳಿಸಿದ. 1859ರ ನವೆಂಬರ್ 24ರಂದು ಬಂದ 'ಒರಿಜಿನ್ ಆಫ್ ಸ್ಪೀಷೀಸ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಅವನ ಹೆಸರು ಇದೆ. ಚೆನ್ನಮ್ಮನ ಸೆರೆಯಲ್ಲಿದ್ದ ಮನುಷ್ಯನ ಹೆಸರು ಆ ಪುಸ್ತಕದಲ್ಲಿ ಕಂಡ ದಿನ ನನಗಾದ ಖುಷಿ ಈಗಲೂ ನೆನಪಿದೆ.

ಆ ಚರ್ಮಗಳಲ್ಲಿ ಡಾರ್ವಿನ್ ನೋಡಿದ್ದೇನು? ಮಾಮೂಲಿ ಪಾರಿವಾಳದ ಬಾಲದಲ್ಲಿ 12 ಗರಿ ಇರುತ್ತವೆ. ಬೀಸಣಿಗೆ ಹಾಗೆ ಬಾಲ ಬಿಚ್ಚುವ ಲಕ್ಕಾ ಪಾರಿವಾಳಕ್ಕೆ 30, ಕೆಲವಕ್ಕೆ 40. ಯಾರೂ 40 ಗರಿಯ ಹಕ್ಕಿಯನ್ನು ಒಂದೇ ದಿನ ಮಾಡಲಿಲ್ಲ. ಒಂದು ಗರಿ ಜಾಸ್ತಿ ಇದ್ದ ಹಕ್ಕಿಯನ್ನು ಯಾರೋ ಇಷ್ಟಪಟ್ಟು ಮರಿ ಮಾಡಿಸಿದರು. ಅದರ ಮರಿಗಳಲ್ಲಿ ಇನ್ನೊಂದು ಜಾಸ್ತಿ ಇದ್ದದ್ದನ್ನು ಇನ್ಯಾರೋ ಆರಿಸಿದರು. ನಮ್ಮ ದಾದರಿನ ಪಾರಿವಾಳವೂ ಆ ಲಕ್ಕಾವೂ ಒಂದೇ ಜಾತಿಯ ಹಕ್ಕಿ. ಆರಿಸುವ ಕೈ ಇಲ್ಲದಿದ್ದರೂ ಇದೇ ಕೆಲಸ ಕಾಡಿನಲ್ಲಿ ನಡೆಯುತ್ತದೆ ಅನ್ನುವುದು ಡಾರ್ವಿನ್ ಕಂಡ ಸತ್ಯ. ಹುಟ್ಟಿದ ಮರಿಗಳೆಲ್ಲ ಬದುಕುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ಆ ಜಾಗಕ್ಕೆ, ಆ ಹೊತ್ತಿಗೆ ಒಗ್ಗುವ ವ್ಯತ್ಯಾಸ ಇದ್ದವು ಮರಿಗಳನ್ನು ಜಾಸ್ತಿ ಬಿಟ್ಟುಹೋಗುತ್ತವೆ. ಇಷ್ಟೇ. ಇದರಲ್ಲಿ 'ಬಲ' ಅನ್ನುವ ಮಾತೇ ಇಲ್ಲ.

'ಸರ್ವೈವಲ್ ಆಫ್ ದ ಫಿಟೆಸ್ಟ್' ಅನ್ನುವ ಮಾತು ಡಾರ್ವಿನ್‌ನದಲ್ಲ. ಹರ್ಬರ್ಟ್ ಸ್ಪೆನ್ಸರ್ ಅನ್ನುವ ತತ್ವಜ್ಞಾನಿ 1864ರಲ್ಲಿ ಮೊದಲು ಬಳಸಿದ. ಗೆಳೆಯ ವಾಲೇಸ್ ಒತ್ತಾಯ ಮಾಡಿದ ಮೇಲೆ ಡಾರ್ವಿನ್ 1869ರ ಐದನೆಯ ಮುದ್ರಣದಲ್ಲಿ ಸೇರಿಸಿಕೊಂಡ. ಸೇರಿಸದೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನಿಮ್ಮ ಮಗನಿಗೆ ಹೀಗೆ ಹೇಳಿ: ಇಲ್ಲಿ ಫಿಟ್ ಅಂದರೆ ಜಿಮ್ಮಿನ ಫಿಟ್ ಅಲ್ಲ. ಟೇಲರ್ ಹೊಲಿದ ಅಂಗಿ ಫಿಟ್ ಆಯ್ತು ಅಂತೀವಲ್ಲ, ಆ ಫಿಟ್. ಒಬ್ಬನಿಗೆ ಫಿಟ್ ಆದ ಅಂಗಿ ಇನ್ನೊಬ್ಬನಿಗೆ ಆಗುವುದಿಲ್ಲ.

ಇದಕ್ಕೆ ಉದಾಹರಣೆ ನಮ್ಮ ಊರಲ್ಲೇ ಇದೆ. ಮುಂಬೈಯಲ್ಲಿ ಔಷಧಿಗೆ ಬಗ್ಗದ ಟಿಬಿ ದೊಡ್ಡ ತಲೆನೋವು. ರೋಗಿ ಎರಡು ತಿಂಗಳು ಮಾತ್ರೆ ತಿಂದು, ಕೆಮ್ಮು ಕಡಿಮೆ ಆಯಿತು ಅಂತ ಬಿಡುತ್ತಾನೆ. ಅಷ್ಟರಲ್ಲಿ ಸುಲಭವಾಗಿ ಸಾಯುವ ರೋಗಾಣು ಸತ್ತಿರುತ್ತವೆ. ಔಷಧಿ ತಡೆದುಕೊಂಡವು ಉಳಿದು ಮರಿ ಹಾಕುತ್ತವೆ. ಇವು ಬಲಶಾಲಿಗಳಾ? ಔಷಧಿಯೇ ಇಲ್ಲದ ಕಡೆ ಇವುಗಳಲ್ಲಿ ಎಷ್ಟೋ ರೋಗಾಣುಗಳು ಮಾಮೂಲಿ ಟಿಬಿ ರೋಗಾಣುವಿಗಿಂತ ನಿಧಾನವಾಗಿ ಬೆಳೆಯುತ್ತವೆ. ಔಷಧಿ ಇದ್ದ ಮೈಯಲ್ಲಿ ಮಾತ್ರ ಅವು ಫಿಟ್.

ಹಾಗಾದರೆ 'ಬಲ ಇಲ್ಲದವನು ಹೋಗಲಿ' ಅನ್ನುವುದು ಎಲ್ಲಿಂದ ಬಂತು? ಅದು ಡಾರ್ವಿನ್‌ಗಿಂತ ಹಳೆಯದು. 1798ರಲ್ಲಿ ಮಾಲ್ಥಸ್ ಅನ್ನುವ ಪಾದ್ರಿ, ಜನ ಅನ್ನಕ್ಕಿಂತ ವೇಗವಾಗಿ ಹೆಚ್ಚುತ್ತಾರೆ, ಹಸಿವು ರೋಗಗಳು ಅದಕ್ಕೆ ತಡೆ ಅಂತ ಬರೆದ. ಡಾರ್ವಿನ್ 1838ರಲ್ಲಿ ಅದನ್ನು ಓದಿ, ಈ ಲೆಕ್ಕವನ್ನು ಪ್ರಾಣಿಗಳಿಗೂ ಗಿಡಗಳಿಗೂ ಹಾಕಿ ನೋಡಿದ. ಅಂದರೆ ಆ ಮಾತು ಮೊದಲು ಸಮಾಜದ್ದು. ಅಲ್ಲಿಂದ ಕಾಡಿಗೆ ಹೋಗಿ, ವಿಜ್ಞಾನದ ಮುದ್ರೆ ಒತ್ತಿಸಿಕೊಂಡು ವಾಪಸು ಸಮಾಜಕ್ಕೇ ಬಂತು. ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಅರ್ಥ ಆಗುತ್ತದೆ.

ಈ ಮಾಲ್ಥಸ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳನ್ನು ತಯಾರು ಮಾಡುವ ಹೇಲಿಬರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ. ಅವನ ಪಾಠಕ್ಕೆ ಬೆಲೆ ತೆತ್ತದ್ದು ನಮ್ಮ ಜನ. 1876ರಿಂದ 78ರವರೆಗೆ ಬರ ಬಿತ್ತು. ಮೈಸೂರು ಕಡೆ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಅದೇ. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಧಾರವಾಡ, ಬಿಜಾಪುರ, ಸೊಲ್ಲಾಪುರ, ಪುಣೆ ಎಲ್ಲಾ ಆಗ ಮುಂಬೈ ಪ್ರಾಂತ್ಯ. ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್, ಬರದ ಕೆಲಸಕ್ಕೆ ಬಂದ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಸಾಕು ಅಂತ ಕಡಿತ ಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಮಣ್ಣು ಹೊತ್ತು, ಕಲ್ಲು ಒಡೆಯುವ ಮನುಷ್ಯನಿಗೆ. ಇದೇ ಟೆಂಪಲ್ ಎರಡು ಮೂರು ವರ್ಷ ಮೊದಲು ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ, ಖರ್ಚು ಜಾಸ್ತಿ ಮಾಡಿದೆ ಅಂತ ಬೈಸಿಕೊಂಡಿದ್ದ. ಪುಣೆಯ ಸಾರ್ವಜನಿಕ ಸಭೆ ಹಳ್ಳಿಹಳ್ಳಿಯಿಂದ ವಿವರ ತರಿಸಿ ಸರ್ಕಾರಕ್ಕೆ ಕಾಗದದ ಮೇಲೆ ಕಾಗದ ಬರೆಯಿತು. ಕೂಲಿಗಳು ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಕ್ಕಟೆ ರೇಷನ್ ಪ್ರಕೃತಿಗೆ ವಿರುದ್ಧ ಅಂತ ಯಾರಾದರೂ ಅಂದಾಗ ನನಗೆ ಆ ಒಂದು ಪೌಂಡ್ ಧಾನ್ಯ ಕಣ್ಣ ಮುಂದೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನರ ಮುತ್ತಜ್ಜಂದಿರು ಆ ಸಾಲಿನಲ್ಲಿ ನಿಂತವರು.

ಸ್ಪೆನ್ಸರ್‌ನನ್ನು ಪುಣೆಯಲ್ಲಿ ತುಂಬಾ ಓದುತ್ತಿದ್ದರು. ಆದರೆ ಗೋಪಾಳ ಗಣೇಶ ಅಗರ್ಕರ್ ಅವರಂಥವರು ಅವನಿಂದ ಬೇರೆಯದನ್ನೇ ತೆಗೆದುಕೊಂಡರು. ಎಲ್ಲವೂ ಬದಲಾಗುತ್ತದೆ ಅಂದಮೇಲೆ ಬಾಲ್ಯವಿವಾಹ, ವಿಧವೆಯರ ತಲೆ ಬೋಳಿಸುವುದು ಮಾತ್ರ ಯಾಕೆ ಬದಲಾಗಬಾರದು? ಲಂಡನ್ನಿನಲ್ಲಿ ಬಡವರಿಗೆ ಸಹಾಯ ಬೇಡ ಅನ್ನಲು ಬಳಸಿದ ಲೇಖಕನನ್ನೇ ಪುಣೆಯಲ್ಲಿ ಸುಧಾರಣೆಗೆ ಬಳಸಿದರು.

ಆಮೇಲೆ ಬಂದದ್ದು ಮೂಗಿನ ಲೆಕ್ಕ. 1901ರ ಜನಗಣತಿಯ ಮುಖ್ಯಸ್ಥ ರಿಸ್ಲೆ, ಕ್ಯಾಲಿಪರ್ ಹಿಡಿದು ಮೂಗಿನ ಅಗಲ, ಉದ್ದ ಅಳೆಸಿದ. ಮೂಗು ಕಿರಿದಾದಷ್ಟೂ ಜಾತಿ ಮೇಲು ಅಂತ ಬರೆದ. ನಾನು ಓದುವಾಗ ನಮ್ಮ ಪ್ರ್ಯಾಕ್ಟಿಕಲ್‌ನಲ್ಲಿ ಆ ಕ್ಯಾಲಿಪರ್ ಇತ್ತು. ತಣ್ಣಗಿನ ಲೋಹ, ಎರಡು ಬಾಗಿದ ಕಾಲು. ನಾವು ಒಬ್ಬರ ಮೂಗನ್ನು ಒಬ್ಬರು ಅಳೆದುಕೊಂಡೆವು. ನನ್ನ ಪಕ್ಕದಲ್ಲಿದ್ದ ಗೆಳೆಯನ ಮೂಗನ್ನು ಮೂರು ಸಲ ಅಳೆದರೆ ಮೂರು ಅಂಕಿ ಬಂದವು. ಸ್ವಲ್ಪ ಒತ್ತಿದರೆ ಕಿರಿದು, ಸಡಿಲ ಬಿಟ್ಟರೆ ಅಗಲ. ಮೇಷ್ಟ್ರು ಮಾತಾಡದೆ ಮೂರನ್ನೂ ಬೋರ್ಡಿನ ಮೇಲೆ ಬರೆದರು. ಈ ಅಳತೆಯ ಮೇಲೆ ಕೋಟಿಗಟ್ಟಲೆ ಜನರನ್ನು ಮೇಲು ಕೀಳು ಅಂತ ಸಾಲಾಗಿ ನಿಲ್ಲಿಸಿದ್ದರು.

ಇದನ್ನು ಒಡೆದು ಹಾಕಿದವರು ಇದೇ ಮುಂಬೈ, ಪುಣೆಯವರು. ನನಗೆ ತುಂಬಾ ಹೆಮ್ಮೆಯ ವಿಷಯ ಇದು. ಮುಂಬೈ ವಿಶ್ವವಿದ್ಯಾಲಯದಲ್ಲಿದ್ದ ಜಿ.ಎಸ್. ಘುರ್ಯೆ 1932ರ ಪುಸ್ತಕದಲ್ಲಿ ರಿಸ್ಲೆಯ ಅಂಕಿಗಳನ್ನೇ ಮತ್ತೆ ಬಿಡಿಸಿ ನೋಡಿದರು. ಉತ್ತರದ ಒಂದು ಭಾಗ ಬಿಟ್ಟರೆ ಮೂಗಿಗೂ ಜಾತಿಯ ಮೆಟ್ಟಿಲಿಗೂ ತಾಳೆ ಬೀಳುವುದಿಲ್ಲ ಅಂತ ತೋರಿಸಿದರು. ಮೈಸೂರಿನಿಂದ ಬಂದ ನಮ್ಮ ಎಂ.ಎನ್. ಶ್ರೀನಿವಾಸ್ ಓದಿದ್ದು ಇದೇ ಘುರ್ಯೆ ಅವರ ಬಳಿ. ಇನ್ನು ಅಂಬೇಡ್ಕರ್. ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣವನ್ನು ಕರೆದವರೇ ರದ್ದು ಮಾಡಿದಾಗ, 1936ರಲ್ಲಿ ಅದನ್ನು ತಾವೇ ಅಚ್ಚು ಹಾಕಿಸಿದರು. ಜಾತಿಯಿಂದ ವಂಶ ಚೆನ್ನಾಗಿರುತ್ತದೆ ಅನ್ನುವವರಿಗೆ ಅದರಲ್ಲಿ ಉತ್ತರ ಇದೆ. ಪಂಜಾಬಿನ ಬ್ರಾಹ್ಮಣನಿಗೂ ಮದರಾಸಿನ ಬ್ರಾಹ್ಮಣನಿಗೂ ರಕ್ತದ ನಂಟು ಎಲ್ಲಿದೆ ಅಂತ ಕೇಳುತ್ತಾರೆ. ಇನ್ನೊಂದು ವಾದ ನಿಮ್ಮ ಮಾಟುಂಗಾದ ಪಂಕ್ತಿಗೇ ಹೇಳಿದ ಹಾಗಿದೆ. ರಕ್ತ ಕಾಯುವುದೇ ಉದ್ದೇಶವಾದರೆ, ಜೊತೆಗೆ ಕೂತು ಊಟ ಮಾಡುವುದನ್ನು ಯಾಕೆ ತಡೆದರು? ಊಟದಿಂದ ರಕ್ತ ಬೆರೆಯುವುದಿಲ್ಲವಲ್ಲ.

ಅಷ್ಟರಲ್ಲಿ ಯುರೋಪು, ಅಮೆರಿಕಗಳಲ್ಲಿ ಈ ವಿಚಾರ ಎಲ್ಲಿಗೋ ಹೋಗಿತ್ತು. ಡಾರ್ವಿನ್‌ನ ನೆಂಟ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ 'ಯುಜೆನಿಕ್ಸ್' ಅನ್ನುವ ಪದ ಕಟ್ಟಿದ. ದನಕ್ಕೆ ತಳಿ ಆರಿಸುವ ಹಾಗೆ ಮನುಷ್ಯರಲ್ಲೂ ಒಳ್ಳೆಯ ತಳಿ ಆರಿಸುವುದು. ಅಮೆರಿಕದಲ್ಲಿ ಸುಮಾರು 60 ಸಾವಿರ ಜನಕ್ಕೆ ಒತ್ತಾಯದಿಂದ ಮಕ್ಕಳಾಗದ ಆಪರೇಷನ್ ಮಾಡಿದರು. ಜರ್ಮನಿಯಲ್ಲಿ 1933ರ ಕಾನೂನು ಬಂದ ಮೇಲೆ ಸುಮಾರು 4 ಲಕ್ಷ ಜನಕ್ಕೆ. ಅಲ್ಲಿಂದ ಕೊಲೆಗೆ ಹೆಜ್ಜೆ ದೂರ ಇರಲಿಲ್ಲ.

ಅದಕ್ಕೆ ಕೆಲವು ವರ್ಷ ಮೊದಲು, 1920ರ ದಶಕದ ಕೊನೆಯಲ್ಲಿ, ಪುಣೆಯ ಇರಾವತಿ ಕರ್ವೆ ಬರ್ಲಿನ್‌ಗೆ ಓದಲು ಹೋಗಿದ್ದರು. ಗೈಡ್ ಯುಜೆನ್ ಫಿಷರ್. ಆಮೇಲೆ ನಾಜಿಗಳಿಗೆ ಬೇಕಾದವನಾದ ಅದೇ ಫಿಷರ್. ಬಿಳಿಯರ ತಲೆಬುರುಡೆಯ ಎರಡು ಬದಿ ಹೆಚ್ಚು ಕಡಿಮೆ ಇರುತ್ತದೆ, ಅದು ಅವರ ಮಿದುಳು ಮೇಲು ಅನ್ನುವುದಕ್ಕೆ ಗುರುತು ಅನ್ನುವುದು ಅವನ ಊಹೆ. ಅದನ್ನು ಸಾಧಿಸುವ ಕೆಲಸ ಈ ಹುಡುಗಿಗೆ ಕೊಟ್ಟ. ಅವರು 149 ಬುರುಡೆಗಳನ್ನು ಒಂದೊಂದಾಗಿ ಅಳೆದರು. ಅಂಥದ್ದೇನೂ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದುಕೊಟ್ಟರು. ಪರದೇಶ, ಗೊತ್ತಿಲ್ಲದ ಭಾಷೆ, ಡಿಗ್ರಿ ಗೈಡ್‌ನ ಕೈಯಲ್ಲಿ. ನನ್ನ ವಿದ್ಯಾರ್ಥಿಗಳಿಗೆ ವಿಜ್ಞಾನ ಅಂದರೇನು ಅಂತ ಹೇಳುವಾಗ ನಾನು ಐನ್‌ಸ್ಟೈನ್‌ನನ್ನು ಕರೆಯುವುದಿಲ್ಲ, ಈ ಬುರುಡೆಗಳ ಮುಂದೆ ಕೂತ ಕರ್ವೆ ಅವರನ್ನು ಕರೆಯುತ್ತೇನೆ.

ಇನ್ನೊಬ್ಬರು ಗೋವಾದಲ್ಲಿ ಹುಟ್ಟಿದ ಡಿ.ಡಿ. ಕೋಸಂಬಿ. ಪುಣೆಯಿಂದ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಗೆ ಬಂದು ಹೋಗುತ್ತಿದ್ದ ಗಣಿತಜ್ಞರು. ಜೀನ್‌ಗಳ ನಡುವಿನ ದೂರ ಲೆಕ್ಕ ಹಾಕಲು 1940ರ ದಶಕದಲ್ಲಿ ಅವರು ಕೊಟ್ಟ ಸೂತ್ರವನ್ನು ಇವತ್ತಿಗೂ ಭತ್ತ, ಕಡಲೆ ತಳಿ ಮಾಡುವವರು ಬಳಸುತ್ತಾರೆ. ಅದು ಅಚ್ಚಾದ ಪತ್ರಿಕೆಯ ಹೆಸರು 'ಆನಲ್ಸ್ ಆಫ್ ಯುಜೆನಿಕ್ಸ್'. 1954ರಲ್ಲಿ ಆ ಪತ್ರಿಕೆ ಹೆಸರು ಬದಲಿಸಿ, ಯುಜೆನಿಕ್ಸ್ ಅನ್ನುವ ಪದವನ್ನೇ ತೆಗೆದುಹಾಕಿತು. ಸೂತ್ರ ಉಳಿಯಿತು.

ಡಾರ್ವಿನ್‌ಗೆ ಏನೂ ತಪ್ಪು ಅಂಟಿಲ್ಲ ಅಂತ ನಾನು ಹೇಳುವುದಿಲ್ಲ. 1871ರ ಪುಸ್ತಕದಲ್ಲಿ 'ನಾಗರಿಕ', 'ಕಾಡು' ಜನಾಂಗಗಳ ಬಗ್ಗೆ ಅವನ ಕಾಲದ ಇಂಗ್ಲಿಷರ ಹಾಗೆಯೇ ಬರೆದಿದ್ದಾನೆ. ಆಸ್ಪತ್ರೆ, ಲಸಿಕೆಗಳಿಂದ ದುರ್ಬಲರು ಉಳಿಯುತ್ತಾರೆ ಅಂತಲೂ ಬರೆದಿದ್ದಾನೆ. ಆದರೆ ಅಲ್ಲೇ, ಕಷ್ಟದಲ್ಲಿರುವವರ ಮೇಲಿನ ಮರುಕವೇ ನಮ್ಮ ಸ್ವಭಾವದ ದೊಡ್ಡ ಭಾಗ, ಅದನ್ನು ತಡೆದರೆ ನಾವೇ ಕೆಡುತ್ತೇವೆ ಅಂತಲೂ ಹೇಳುತ್ತಾನೆ. ಭಾವನವರು ಅರ್ಧ ಕೇಳಿಸಿಕೊಂಡಿದ್ದಾರೆ. ಇನ್ನು ಪ್ರಕೃತಿಗೆ ವಿರುದ್ಧ ಅನ್ನುವುದು. ನೀರು ಇಳಿಜಾರಿಗೆ ಹರಿಯುತ್ತೆ ಅನ್ನುವುದು ವಿಜ್ಞಾನ. ಹಾಗಂತ ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲಿ ಸೊಂಟದವರೆಗೆ ನೀರು ನಿಲ್ಲಲಿ ಅಂತ ಬಿಡುತ್ತೇವಾ? ಪಂಪು ಹಾಕುತ್ತೇವೆ. ಏನು ನಡೆಯುತ್ತದೆ ಅನ್ನುವುದನ್ನು ಡಾರ್ವಿನ್ ಹೇಳಿದ. ಏನು ಮಾಡಬೇಕು ಅನ್ನುವುದು ನಮ್ಮ ಕೆಲಸ.

ಕೊನೆಗೆ ರಕ್ತ ಶುದ್ಧಿ. ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಚೆನ್ನಾಗಿ ಬೆರೆತಿದ್ದರು. ಒಳಗೊಳಗೇ ಮದುವೆ ಗಟ್ಟಿಯಾದದ್ದು ಆಮೇಲೆ. ಬೆರಕೆ ಇಲ್ಲದ ಜಾತಿ ಇಲ್ಲ. ಬಾಗಿಲು ಹಾಕಿದ ಮೇಲೆ ಆದದ್ದೇನು ಅನ್ನುವುದಕ್ಕೆ ನಮ್ಮ ಊರ ಹೆಸರಿನ ರಕ್ತವೇ ಸಾಕ್ಷಿ. 1952ರಲ್ಲಿ ಡಾ. ಭೇಂಡೆ ಮತ್ತು ಜೊತೆಗಾರರು ಇಲ್ಲಿ ಗುರುತಿಸಿದ 'ಬಾಂಬೆ ಬ್ಲಡ್ ಗ್ರೂಪ್' ಮಾಮೂಲಿ ಟೆಸ್ಟಿನಲ್ಲಿ ಓ ಅಂತ ಕಾಣುತ್ತದೆ. ಆದರೆ ಓ ರಕ್ತ ಕೊಟ್ಟರೂ ಜೀವಕ್ಕೆ ಅಪಾಯ, ಅದೇ ಗುಂಪಿನದೇ ಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಇದು ಬರುತ್ತದೆ. ಸಂಬಂಧದೊಳಗೆ ಮದುವೆ ಇದ್ದಲ್ಲಿ ಜಾಸ್ತಿ.

ಡಾರ್ವಿನ್ ಮದುವೆ ಆದದ್ದು ಎಮ್ಮಾಳನ್ನು. ಅವಳು ಅವನ ಸ್ವಂತ ಸೋದರಮಾವನ ಮಗಳು. ಹತ್ತು ಮಕ್ಕಳಲ್ಲಿ ಮೂರು ಚಿಕ್ಕವಯಸ್ಸಿನಲ್ಲೇ ಹೋದವು. 1851ರಲ್ಲಿ ಹತ್ತು ವರ್ಷದ ಆ್ಯನಿ ಹೋದದ್ದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ತಮ್ಮ ಸಂಬಂಧವೇ ಮಕ್ಕಳ ಕಾಯಿಲೆಗೆ ಕಾರಣವೇನೋ ಅನ್ನುವ ಭಯ ಅವನಿಗೆ ಇತ್ತು. 1871ರ ಜನಗಣತಿಯಲ್ಲಿ ಸಂಬಂಧದೊಳಗಿನ ಮದುವೆ ಬಗ್ಗೆ ಒಂದು ಪ್ರಶ್ನೆ ಸೇರಿಸಲು ಪ್ರಯತ್ನ ಮಾಡಿಸಿದ. ಪಾರ್ಲಿಮೆಂಟು ಒಪ್ಪಲಿಲ್ಲ.

ನಿಶ್ಚಿತಾರ್ಥ ಆಗಿರುವ ಇಬ್ಬರೂ ಅದೇ ಸಂಬಂಧದವರು. ಮದುವೆ ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಮಕ್ಕಳಲ್ಲಿ ಹುಟ್ಟಿನಿಂದ ತೊಂದರೆ ಬರುವ ಸಾಧ್ಯತೆ ನೂರಕ್ಕೆ ಮೂರರಷ್ಟು ಇದ್ದರೆ, ಇಂಥ ಸಂಬಂಧದಲ್ಲಿ ಐದಾರಕ್ಕೆ ಏರುತ್ತದೆ. ಬಹಳಷ್ಟು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೂ ಮದುವೆಗೆ ಮೊದಲು ಇಬ್ಬರೂ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯಾದ ಥಲಸೇಮಿಯಾದ ಟೆಸ್ಟ್ ಮಾಡಿಸಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ಡಾಕ್ಟರ್‌ ಹತ್ತಿರ ಒಂದು ಸಲ ಕೂರಲಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ವ್ಯವಸ್ಥೆ ಇದೆ. ಭಾವನವರಿಗೆ ನೇರವಾಗಿ ಹೇಳುವುದು ನಿಮಗೆ ಕಷ್ಟ ಆದರೆ ನಾದಿನಿಗೆ ಹೇಳಿ. ಟೆಸ್ಟಿಗೆ ಹೋಗುವಾಗ ನಿಮ್ಮ ಮಗನನ್ನೂ ಕಳಿಸಿ. ರಿಪೋರ್ಟಿನಲ್ಲಿ 'ಹೆಚ್‌ಬಿ ಎ2' ಅಂತ ಒಂದು ಸಾಲು ಇರುತ್ತದೆ, ಅದು ರಕ್ತದಲ್ಲಿರುವ ಒಂದು ಬಗೆಯ ಹಿಮೋಗ್ಲೋಬಿನ್‌ನ ಶೇಕಡಾವಾರು ಲೆಕ್ಕ. ಸಾಮಾನ್ಯವಾಗಿ ಅದು 3.5ಕ್ಕಿಂತ ಕಡಿಮೆ ಇರಬೇಕು. ಆ ಸಾಲನ್ನು ಅವನೇ ದೊಡ್ಡಪ್ಪನಿಗೆ ಓದಿ ಹೇಳಲಿ.